ಅಂಗಳದಲ್ಲಿ ಬಿದ್ದ ಹಿಮ

ರಟ್ಟಣ್ಣ ಸಾವಿರಾರು ಪುಸ್ತಕಗಳಿಗೆ ಕೈಯಾರೆ ರಟ್ಟು ಕಟ್ಟಿದವನು. ಒಂದನ್ನೂ ಪೂರ್ತಿ ಓದಿದವನಲ್ಲ. ಅವನ ಓದು ಹದಿನಾರು ಪುಟಕ್ಕೊಮ್ಮೆ ನಡೆಯುತ್ತಿತ್ತು. ಅಚ್ಚಿನ ಮನೆಯಿಂದ ಪುಸ್ತಕ ಬಿಡಿ ಹಾಳೆಗಳಾಗಿ ಬರುತ್ತದೆ. ದೊಡ್ಡ ಹಾಳೆಯೊಂದನ್ನು ಮಡಿಸಿದರೆ ಹದಿನಾರು ಪುಟ. ಅದಕ್ಕೆ ಫಾರಂ ಎಂದು ಹೆಸರು. ಒಂದು ಫಾರಂ ಮುಗಿದು ಇನ್ನೊಂದು ಶುರುವಾಗುವಲ್ಲಿ ವಾಕ್ಯ ಸರಿಯಾಗಿ ಕೂಡುತ್ತದೆಯೇ ಎಂದು ನೋಡುವುದು ಬೈಂಡರನ ಧರ್ಮ. ಹೀಗಾಗಿ ಎಷ್ಟೋ ಕಥೆಗಳಲ್ಲಿ ಯಾರೋ ಬಾಗಿಲು ತೆರೆದದ್ದು ಅವನಿಗೆ ಗೊತ್ತಿತ್ತು, ಒಳಗೆ ಯಾರಿದ್ದರೆಂದು ಗೊತ್ತಿರಲಿಲ್ಲ. ಕತ್ತಿ ಎತ್ತಿದ್ದು ಗೊತ್ತಿತ್ತು, ತಲೆ ಉಳಿಯಿತೇ ಎಂಬುದು ಗೊತ್ತಿರಲಿಲ್ಲ. ಮೊದಮೊದಲು ಇದರಿಂದ ಊಟ ರುಚಿಸುತ್ತಿರಲಿಲ್ಲವಂತೆ. ಆಮೇಲೆ ಒಗ್ಗಿಹೋಯಿತು. ನೆರೆಮನೆಯ ಜಗಳವನ್ನೂ ಅವನು ಹಾಗೆಯೇ ಕೇಳುತ್ತಿದ್ದ: ಮೊದಲ ಮಾತು, ಕೊನೆಯ ಮಾತು. ನಡುವಿನದು ಅವರವರ ಪಾಡು.

ಇಂಥವನು ಪ್ರತಿ ಶನಿವಾರ ಮಧ್ಯಾಹ್ನ ಗ್ರಂಥಾಲಯಕ್ಕೆ ಹೋಗಿ ಓದುಗರ ಸಂಘದ ಆಟದಲ್ಲಿ ಕೂರುತ್ತಿದ್ದನೆಂದರೆ ಅದಕ್ಕೆ ಕಾರಣ ಅಲ್ಲಿನ ಫ್ಯಾನು. ಆಟ ಇಷ್ಟೇ. ಗ್ರಂಥಾಲಯ ನೋಡಿಕೊಳ್ಳುವ ಮೇಡಂ ದಪ್ಪ ಸಂಕಲನವೊಂದನ್ನು ತೊಡೆಯ ಮೇಲಿಟ್ಟುಕೊಂಡು ಮಳೆ, ಬಿಸಿಲು, ಗಾಳಿ, ಮಂಜಿನ ಬಗ್ಗೆ ಯಾವುದೋ ಪುಸ್ತಕದಿಂದ ಆರಿಸಿದ ಒಂದು ವಾಕ್ಯ ಓದುವುದು. ಉಳಿದವರು ಅದು ಯಾವ ಪುಸ್ತಕದ್ದೆಂದು ಹೇಳುವುದು. ಸರಿಯುತ್ತರ ಸಂಕಲನದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿರುತ್ತಿತ್ತು. ಮೊದಲು ಪ್ರೀತಿಯ ವಾಕ್ಯಗಳನ್ನು ಇಟ್ಟು ನೋಡಿದ್ದರು. ಎರಡು ಮನೆಗಳ ನಡುವೆ ಮಾತು ನಿಂತುಹೋಯಿತು. ಸಾವಿನ ವಾಕ್ಯಗಳನ್ನು ಇಟ್ಟಾಗ ಹಿರಿಯರು ಬರುವುದನ್ನೇ ಬಿಟ್ಟರು. ಹವಾಮಾನದಿಂದ ಯಾರಿಗೂ ಕೆಡುಕಾಗದು ಎಂದು ಕೊನೆಗೆ ಎಲ್ಲರೂ ಒಪ್ಪಿದರು.

ರಟ್ಟಣ್ಣನ ಸರದಿ ಬಂದಾಗ ಅವನು ಕಣ್ಣುಮುಚ್ಚಿ, "ರಟ್ಟಿಗೆ ಕೆಂಪು ಕ್ಯಾಲಿಕೋ ಬಟ್ಟೆ, ಎಡಗಡೆ ಮೂಲೆ ಸ್ವಲ್ಪ ಸೊಟ್ಟ" ಎನ್ನುತ್ತಿದ್ದ. ಅದನ್ನು ತಪ್ಪುತ್ತರವೆಂದೇ ಎಣಿಸುತ್ತಿದ್ದರು.

ಆಟದ ರಾಣಿ ಅವನ ಅಕ್ಕ. ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ಅವಳನ್ನು ಊರೆಲ್ಲ ಟೀಚರಕ್ಕ ಎನ್ನುತ್ತಿತ್ತು. ಮೇಡಂ ಇನ್ನೂ ಅರ್ಧ ವಾಕ್ಯ ಓದಿರುವಾಗಲೇ ಟೀಚರಕ್ಕ ಪುಸ್ತಕದ ಹೆಸರು, ಅಧ್ಯಾಯ, ಆ ಮಳೆಯಲ್ಲಿ ಯಾರು ನೆನೆದರು, ನೆನೆದವರಿಗೆ ಆಮೇಲೆ ನೆಗಡಿಯಾಯಿತೇ ಎಂಬುದನ್ನೆಲ್ಲ ಹೇಳಿಬಿಡುತ್ತಿದ್ದಳು. ಆದರೆ ಅವಳ ಹೆಸರು ನಿಂತದ್ದು ಒಂದೇ ಒಂದು ಪುಸ್ತಕದ ಮೇಲೆ. ಅಂಗಳದ ಕಾದಂಬರಿ ಎಂದು ಅದರ ಹೆಸರು.

ಅಂಗಳದ ಕಾದಂಬರಿ ಮೊದಲಿನಿಂದ ಕೊನೆಯವರೆಗೆ ಬೇಸಿಗೆ. ಒಂಟಿ ಹೆಂಗಸೊಬ್ಬಳ ಮನೆಗೆ ಒಬ್ಬಾತ ಬಂದು, ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳುತ್ತಾನೆ. ಅವಳು ತಲೆಯೆತ್ತಿ ನೋಡಿದಾಗ ಹೊರಗೆ ಹಿಮ ಸುರಿಯುತ್ತಿರುತ್ತದೆ. ಉರಿಬಿಸಿಲ ನಾಡಿನಲ್ಲಿ, ಬಟ್ಟೆ ಒಣಹಾಕಿದ ಅಂಗಳದಲ್ಲಿ, ಹದಿನಾರು ಪುಟ ಹಿಮ. ಆ ಪುಟಗಳಲ್ಲಿ ಅವಳೂ ಇಲ್ಲ, ಅವನೂ ಇಲ್ಲ. ಗಡ್ಡಕ್ಕೆಲ್ಲ ಮಂಜು ಹಿಡಿದ ಯಾರೋ ಒಬ್ಬ, ಅವನ ಹಿಂದೆ ಸೊಂಟದವರೆಗೆ ಹೂತುಕೊಂಡ ಒಂದು ಹೇಸರಗತ್ತೆ. ಆಮೇಲೆ ಮರುದಿನ ಬೆಳಗಾಗುತ್ತದೆ, ಬೇಸಿಗೆ ಮುಂದುವರಿಯುತ್ತದೆ.

ಊರಿನಲ್ಲಿ ಹಿಮ ಕಂಡವರು ಯಾರೂ ಇರಲಿಲ್ಲ. ಆದ್ದರಿಂದ ಅದು ಏನು ಬೇಕಾದರೂ ಆಗಬಹುದಿತ್ತು. ಟೀಚರಕ್ಕ ಅದನ್ನು ಹೆಣ್ಣಿನ ಮೌನ ಎಂದಳು. ಉತ್ತರವನ್ನು ಮಾತಿಗಿಳಿಸದೆ ಉಳಿಸಿಕೊಳ್ಳುವುದೇ ಅವಳ ದೊಡ್ಡತನ ಎಂದಳು. ಹೇಸರಗತ್ತೆ ಯಾರು ಎಂದು ಕೇಳಿದರೆ, ಸತ್ತುಹೋದ ಅವಳ ಮಾವ ಎಂದಳು. ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು, ಮುಂದಿನ ಅಧ್ಯಾಯದಲ್ಲಿ ಮದುವೆ ಕೇಳಿದ ಆ ಮನುಷ್ಯ ಅವಳ ಅಡುಗೆಮನೆಯಲ್ಲೇ ಕೂತು ಚಾಕು ಮಸೆಯುತ್ತಿರುತ್ತಾನಲ್ಲ ಟೀಚರ್ ಎಂದಿದ್ದಳು. ಅದು ನೆನಪು ಎಂದಳು ಟೀಚರಕ್ಕ. ಆಮೇಲೆ ಅವರಿಗೆ ಎರಡು ಮಕ್ಕಳಾಗುತ್ತವಲ್ಲ ಎಂದರೆ, ಅವೂ ನೆನಪೇ ಎಂದಳು. ಇಡೀ ಊರು ಈ ವ್ಯಾಖ್ಯಾನದ ಮೇಲೆ ಬೆಳೆಯಿತು. ಕೇಳಿದ ಮಾತಿಗೆ ಯಾರಾದರೂ ಸುಮ್ಮನಿದ್ದರೆ, "ಹಿಮ ಸುರಿಸಬೇಡ, ಹೇಳು" ಎನ್ನುವುದು ಸಂತೆಯಲ್ಲೂ ರೂಢಿಯಾಯಿತು.

ಟೀಚರಕ್ಕ ಬರೀ ಪಾಠ ಹೇಳಿ ಬಿಟ್ಟಿದ್ದರೆ ಚೆನ್ನಾಗಿತ್ತು. ರಟ್ಟಣ್ಣನ ಅಂಗಡಿಯ ಎದುರಿಗೆ ಗಡಿಯಾರ ರಿಪೇರಿ ಮಾಡುವ ಒಬ್ಬರಿದ್ದರು, ಮದುವೆಯಾಗದೆ ಉಳಿದವರು, ಮಾತು ಕಡಿಮೆ. ಟೀಚರಕ್ಕನಿಗೆ ಇನ್ನೂ ತಲೆಗೂದಲು ಕಪ್ಪಾಗಿದ್ದಾಗ ಅವಳ ಗೋಡೆ ಗಡಿಯಾರ ಸರಿಮಾಡಿ ತಂದುಕೊಟ್ಟರು. ಸ್ಟೂಲು ಹತ್ತಿ, ಗಡಿಯಾರವನ್ನು ಮೊಳೆಗೆ ಸಿಕ್ಕಿಸಿ, ಗೋಡೆಯ ಕಡೆಗೇ ಮುಖ ಮಾಡಿಕೊಂಡು, ನೀವೂ ಒಬ್ಬರೇ ಇದ್ದೀರಿ, ನಾನೂ ಒಬ್ಬನೇ, ಯೋಚನೆ ಮಾಡಿ ಹೇಳಿ ಎಂದರು. ಟೀಚರಕ್ಕ ಹೊರಗೆ ನೋಡಿದಳು. ಹೊರಗೆ ಹಿಮವೇನೂ ಇರಲಿಲ್ಲ, ಎದುರುಮನೆಯ ಬಚ್ಚಲ ಗೋಡೆ ಇತ್ತು. ಆದರೂ ಅವಳು ಕಾದಂಬರಿಯವಳ ಹಾಗೆ ದೊಡ್ಡ ಮನಸ್ಸಿನಿಂದ ಸುಮ್ಮನಿದ್ದಳು. ಅವರು ಸ್ವಲ್ಪ ಹೊತ್ತು ಸ್ಟೂಲಿನ ಮೇಲೇ ನಿಂತಿದ್ದು, ನಿಮಿಷದ ಮುಳ್ಳು ಸರಿಮಾಡಿ, ಇಳಿದು ಹೋದರು. ಅತ್ತಿಗೆಯನ್ನು ನೋಡಲು ಬಂದು, ಅಡುಗೆಮನೆಯಿಂದ ಇದನ್ನೆಲ್ಲ ಕೇಳಿಸಿಕೊಂಡವಳು ರಟ್ಟಣ್ಣನ ಹೆಂಡತಿ. ಆವತ್ತಿನಿಂದ, ಏನೂ ಕೆಡದಿದ್ದರೂ ಆ ಗಡಿಯಾರ ವರ್ಷಕ್ಕೊಮ್ಮೆ ಎದುರಂಗಡಿಗೆ ಹೋಗಿ ಬರುತ್ತಿತ್ತು. ಮತ್ತೆ ಕೇಳುವುದು ಅವರ ಸ್ವಭಾವವಲ್ಲ. ಕೇಳದೆ ಹೇಳುವುದು ಆ ಕಾದಂಬರಿಯ ಪ್ರಕಾರ ತಪ್ಪು.

ಗಡಿಯಾರದವರೂ ಶನಿವಾರದ ಆಟಕ್ಕೆ ಬರುತ್ತಿದ್ದರು. ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತು ಒಮ್ಮೆಯೂ ಬಾಯಿ ಬಿಟ್ಟವರಲ್ಲ. ಅವರು ಓದಿದ್ದು ಒಂದೇ ಪುಸ್ತಕ, ಹಿಮಬೆಟ್ಟಗಳಲ್ಲಿ ದಾರಿ ತೋರಿಸುವವನೊಬ್ಬನ ಕಥೆ. ಬೆಟ್ಟದ ಕಾದಂಬರಿ ಎಂದು ಅದರ ಹೆಸರು. ಊರಿನಲ್ಲಿ ಅದನ್ನು ಅವರ ಹೊರತು ಬೇರೆ ಯಾರೂ ಎರವಲು ಪಡೆದಿರಲಿಲ್ಲ. ಅವರು ಮಾತ್ರ ಅದನ್ನೇ ತಿರುಗಿ ತಿರುಗಿ ಒಯ್ಯುತ್ತಿದ್ದರು.

ಆ ಶನಿವಾರ ಮೇಡಂ ಓದಿದ್ದು ಸೆಕೆಯ ವಾಕ್ಯ. "ಅಂಗಳದ ಕಲ್ಲು ಎಷ್ಟು ಕಾದಿತ್ತೆಂದರೆ, ನೆರಳು ಕೂಡ ಅಲ್ಲಿ ಕಾಲೂರಲು ಹಿಂದೆಮುಂದೆ ನೋಡುತ್ತಿತ್ತು."

ಎಲ್ಲರೂ ಟೀಚರಕ್ಕನ ಕಡೆ ತಿರುಗಿದರು. ಟೀಚರಕ್ಕನಿಗೆ ಗೊತ್ತಿರಲಿಲ್ಲ. ಇಂಥದ್ದು ಹಿಂದೆ ನಡೆದಿರಲಿಲ್ಲ. ಆಗ ಬಾಗಿಲ ಪಕ್ಕದ ಬೆಂಚಿನಿಂದ ಗಡಿಯಾರದವರು, "ಬೆಟ್ಟದ ಕಾದಂಬರಿ" ಎಂದರು.

ನಗೆ ಎದ್ದಿತು. ಹಿಮದ ಪುಸ್ತಕದಲ್ಲಿ ಕಾದ ಕಲ್ಲು ಎಲ್ಲಿಂದ ಬರಬೇಕು ಎಂದು ನಿವೃತ್ತ ಗುಮಾಸ್ತರೊಬ್ಬರು ಕೇಳಿದರು. ಗಡಿಯಾರದವರು ನಿಧಾನವಾಗಿ ವಿವರಿಸಿದರು: ದಾರಿ ತೋರಿಸುವವನು ಗುಡಾರದ ಪರದೆ ಸರಿಸಿ ನೋಡುತ್ತಾನೆ, ಹೊರಗೆ ಬಿಸಿಲು, ಒಂದು ಅಂಗಳ, ಬಟ್ಟೆ ಒಣಹಾಕುತ್ತಿರುವ ಒಬ್ಬ ಹೆಂಗಸು. ಚಳಿಯಿಂದ ಅವನ ತಲೆ ಕೆಟ್ಟಿರುತ್ತದೆ. ಆ ಹೆಂಗಸು ಅವನೊಡನೆ ಮಾತಾಡುತ್ತಾಳೆ. ಅದರಿಂದಲೇ ಅವನು ಬದುಕಿ ಉಳಿಯುವುದು.

ಮೇಡಂ ಸಂಕಲನದ ಕೊನೆಯ ಪುಟ ತೆರೆದಳು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು. ಅಲ್ಲಿ ಬರೆದಿದ್ದದ್ದು ಅಂಗಳದ ಕಾದಂಬರಿ ಎಂದು.

ಅದು ಆಗದ ಮಾತು ಎಂದಳು ಟೀಚರಕ್ಕ. ಆ ಪುಸ್ತಕ ತನಗೆ ಬಾಯಿಪಾಠ; ಕಲ್ಲೂ ಇಲ್ಲ, ಕಾಲೂರಲು ಹೆದರುವ ನೆರಳೂ ಇಲ್ಲ. ಫ್ಯಾನಿನ ಕೆಳಗೆ ಕೂತಿದ್ದ ರಟ್ಟಣ್ಣನಿಗೆ ಬೆವರು ಕಿತ್ತುಕೊಂಡಿತು. ಆ ವಾಕ್ಯ ಅವನಿಗೆ ಗೊತ್ತಿತ್ತು. ಅದು ಒಂದು ಫಾರಂನ ಮೊದಲ ವಾಕ್ಯ.

ಅಂಗಡಿಗೆ ಬಂದವನೇ ತನ್ನಲ್ಲೇ ಉಳಿದಿದ್ದ ಎರಡೂ ಕಾದಂಬರಿಗಳ ಪ್ರತಿಗಳನ್ನು ಮೇಜಿನ ಮೇಲೆ ತೆರೆದಿಟ್ಟ. ಆಗ ನೆನಪಾಯಿತು. ಬಹಳ ವರ್ಷಗಳ ಹಿಂದೆ, ಬಿಡಿ ಫಾರಂ ಅಗ್ಗವೆಂದು ಓದುಗರ ಸಂಘ ಎರಡೂ ಕಾದಂಬರಿಗಳ ಹಾಳೆಗಳನ್ನು ಒಂದೇ ಅಚ್ಚಿನ ಮನೆಯಿಂದ ಒಟ್ಟಿಗೆ ತರಿಸಿ ಅವನಿಗೆ ಒಪ್ಪಿಸಿತ್ತು. ಒಂದೇ ಅಳತೆ, ಒಂದೇ ಅಕ್ಷರ. ಆವತ್ತು ಜೋರು ಮಳೆ; ಮಾಡು ಸೋರಿ ಎರಡರ ಎಂಟನೆಯ ಫಾರಂಗಳ ರಾಶಿಗಳ ಮೇಲೆ ನೀರು ತೊಟ್ಟಿಕ್ಕತೊಡಗಿತು. ಎರಡನ್ನೂ ಬಾಚಿ ಎತ್ತಿ ಕಿಟಕಿಯ ಬಳಿ ಇಟ್ಟಿದ್ದ. ಮಳೆ ನಿಂತ ಮೇಲೆ ಮರಳಿ ಜಾಗಕ್ಕಿಟ್ಟಿದ್ದ, ಅದರದ್ದು ಇದಕ್ಕೆ, ಇದರದ್ದು ಅದಕ್ಕೆ. ಪುಟದ ಅಂಕಿ ಸರಿಯಿತ್ತು. ವಾಕ್ಯವೂ ಕೂಡಿತ್ತು. ಒಂದು ಪುಸ್ತಕದ ಏಳನೆಯ ಫಾರಂ "ಅವಳು ತಲೆಯೆತ್ತಿ ನೋಡಿದಾಗ ಹೊರಗೆ" ಎಂದು ಮುಗಿದರೆ, ಇನ್ನೊಂದರದ್ದು "ಅವನು ಪರದೆ ಸರಿಸಿ ನೋಡಿದಾಗ ಹೊರಗೆ" ಎಂದು ಮುಗಿದಿತ್ತು. ಕಾದಂಬರಿಗಳಲ್ಲಿ ಉತ್ತರ ಕೊಡಬೇಕಾಗಿ ಬಂದಾಗಲೆಲ್ಲ ಜನ ಹೊರಗೆ ನೋಡುತ್ತಾರೆ ಎಂಬುದು ಅವನಿಗೆ ಏನು ಗೊತ್ತು?

ಹೊಲಿಗೆ ಚೌಕಟ್ಟಿನ ಮುಂದೆ ಕೂತು ದಾರ ಎಳೆಯುತ್ತಿದ್ದ ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಹಲ್ಲಿನಲ್ಲಿ ದಾರ ಕಡಿದು, "ಹಾಗಾದ್ರೆ ನಿಮ್ಮಿಂದ ಅತ್ತಿಗೆ ಮದುವೆ ನಿಂತುಹೋಯ್ತು" ಎಂದಳು.

"ನನ್ನಿಂದ ಅಲ್ಲ ಕಣೆ, ಮಳೆಯಿಂದ."

"ಮಾಡು ರಿಪೇರಿ ಮಾಡ್ಸಿ ಅಂತ ಆಗಲೇ ಬಡ್ಕೊಂಡಿದ್ದೆ."

ಏನು ಮಾಡಲಿ ಎಂದು ಕೇಳಿದ. ಹೇಳಿದರೆ ಅಕ್ಕನ ಮರ್ಯಾದೆ ಬೀದಿಪಾಲು. ಹೇಳದಿದ್ದರೆ ಅವಳು ಉಳಿದ ಕಾಲವನ್ನೂ ಹಿಮದಲ್ಲೇ ಕಳೆಯುತ್ತಾಳೆ. ಹೆಂಡತಿ ಸೂಜಿಗೆ ಹೊಸ ದಾರ ಪೋಣಿಸುತ್ತ, ಮರ್ಯಾದೆ ಜೊತೆ ಕೂತು ಊಟ ಮಾಡಕ್ಕಾಗುತ್ತೇನ್ರಿ ಎಂದಳು, ಅಷ್ಟೇ.

ಮುಂದಿನ ಶನಿವಾರ ಆಟ ಶುರುವಾಗುವ ಮೊದಲೇ ರಟ್ಟಣ್ಣ ಎದ್ದು ನಿಂತ. ಎರಡೂ ಪುಸ್ತಕ ಕೈಯಲ್ಲಿದ್ದವು. ತಪ್ಪು ತನ್ನದು, ಹಿಮ ಬೆಟ್ಟದ್ದು, ಬಿಸಿಲು ಅಂಗಳದ್ದು, ಮಾಡು ಸೋರಿ ಹೀಗಾಯಿತು ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದ. ಜನ ಬೈಯುತ್ತಾರೆ ಎಂದುಕೊಂಡಿದ್ದ. ಯಾರೂ ಬೈಯಲಿಲ್ಲ, ಕರುಣೆಯಿಂದ ನೋಡಿದರು.

"ರಟ್ಟಣ್ಣ, ಅಂಟಿನ ವಿಷಯ ಏನಾದ್ರೂ ಇದ್ರೆ ಹೇಳಿ, ಕೇಳ್ತೀವಿ" ಎಂದಳು ಮೇಡಂ. "ಸಾಹಿತ್ಯದ ವಿಷಯಕ್ಕೆ ಟೀಚರಕ್ಕ ಇದ್ದಾರೆ."

ಗುಮಾಸ್ತರಂತೂ ಎದ್ದೇ ಬಿಟ್ಟರು. ತಮ್ಮ ಹೆಂಡತಿ ತೀರಿಕೊಂಡ ವರ್ಷ ತಮ್ಮನ್ನು ಕಾಪಾಡಿದ್ದೇ ಆ ಹಿಮ. ಅದನ್ನು ಈಗ ಬೈಂಡಿಂಗಿನ ತಪ್ಪು ಎಂದರೆ ತಾವು ಸಮಾಧಾನ ಪಟ್ಟದ್ದೂ ತಪ್ಪೇ? ಇನ್ನೊಬ್ಬಾಕೆ ತನ್ನ ಮಗಳಿಗೆ ಹಿಮ ಎಂದೇ ಹೆಸರಿಟ್ಟಿರುವುದನ್ನು ನೆನಪಿಸಿದಳು. ರಟ್ಟಣ್ಣ ಪುಸ್ತಕ ತೆರೆದು, ಹೊಲಿಗೆಯ ಹತ್ತಿರ ಬೆರಳಿಟ್ಟು ತೋರಿಸಿದ. ಹೊಲಿಗೆ ಬಹಳ ಅಚ್ಚುಕಟ್ಟಾಗಿದೆ ಎಂದು ಹೊಗಳಿದರು. ಕೊನೆಗೆ ಕೈಯೆತ್ತಿಸಿ ತೀರ್ಮಾನ ಮಾಡಿದರು: ತಪ್ಪು ಸಂಕಲನದ್ದು. ಮೇಡಂ ಪೆನ್ಸಿಲಿನಿಂದ ಅದರ ಕೊನೆಯ ಪುಟ ತಿದ್ದಿದಳು. ಸೆಕೆಯ ವಾಕ್ಯ ಬೆಟ್ಟದ ಪಾಲಾಯಿತು.

ಇಬ್ಬರು ಕೈಯೆತ್ತಿರಲಿಲ್ಲ. ಗಡಿಯಾರದವರು ತಮ್ಮ ಉತ್ತರವೇ ಗೆದ್ದಿದ್ದರೂ ಬೆಂಚಿನ ಮೇಲೆ ಕೈಕಟ್ಟಿ ಕೂತಿದ್ದರು. ಟೀಚರಕ್ಕ ಏನೂ ಹೇಳದೆ ಎದ್ದು ಹೊರಟಳು. ನೋಡಿ, ಹಿಮ ಸುರಿಸಿದರು ಎಂದು ಸಂಘದವರು ಮೆಚ್ಚಿಕೊಂಡರು.

ಅವಳು ಬಂದದ್ದು ಅಂಗಡಿಗೆ. ಹೊರಗೆ ಮಳೆ ಹಿಡಿದಿತ್ತು. ಕೊಡೆ ಮಡಿಸದೆಯೇ ಬಾಗಿಲಲ್ಲಿ ನಿಂತು, ಹಿಂದೆಯೇ ಓಡಿಬಂದಿದ್ದ ತಮ್ಮನನ್ನು ಕೇಳಿದಳು.

"ನೀನು ಹೇಳಿದ್ದು ನಿಜಾನೇನೋ?"

"ನಿಜ ಅಕ್ಕ."

"ತೆಗಿ ಅದನ್ನ."

ರಟ್ಟಣ್ಣ ಬೆಟ್ಟದ ಕಾದಂಬರಿಯ ರಟ್ಟು ಬಿಡಿಸಿ, ಬೆನ್ನಿನ ಅಂಟು ಕೆರೆದು, ದಾರ ಕತ್ತರಿಸಿ ಎಂಟನೆಯ ಫಾರಂ ಎಳೆದು ಕೊಟ್ಟ. ಮೀನಿನ ಮೈಯಿಂದ ಮುಳ್ಳು ತೆಗೆದಷ್ಟು ಜೋಪಾನವಾಗಿ ತೆಗೆದ. ಅವಳು ಕಾಗದ ಕತ್ತರಿಸುವ ಯಂತ್ರಕ್ಕೆ ಒರಗಿ ನಿಂತು ಓದಿದಳು. ಹೆಂಡತಿ ಹೊಲಿಯುವುದನ್ನು ನಿಲ್ಲಿಸಲಿಲ್ಲ, ಆದರೆ ಒಂದೇ ತೂತಿನಲ್ಲಿ ಮೂರು ಸಲ ದಾರ ಹಾಯಿಸಿದಳು.

ಅಂಗಳದ ಕಲ್ಲು ಕಾದಿತ್ತು. ಕಾದಂಬರಿಯ ಹೆಂಗಸು ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಗ್ಗದ ಮೇಲೆ ಹರವಿ, ಬಾಗಿಲಲ್ಲಿ ನಿಂತವನಿಗೆ, "ಹೊರಗೆ ಬಿಸಿಲು. ಒಳಗೆ ಬನ್ನಿ" ಎಂದಿದ್ದಳು. ಉತ್ತರ ಎರಡನೆಯ ಪುಟದಲ್ಲೇ ಮುಗಿದಿತ್ತು. ಉಳಿದ ಪುಟಗಳಲ್ಲೆಲ್ಲ ಅವನ ಟ್ರಂಕನ್ನು ಎಲ್ಲಿಡುವುದೆಂದು ಇಬ್ಬರೂ ಜಾಗ ಹುಡುಕುತ್ತಿದ್ದರು. ಮಂಚದ ಕೆಳಗೆ ಹಿಡಿಸಲಿಲ್ಲ. ಅಟ್ಟಕ್ಕೆ ಏಣಿ ಸಾಲಲಿಲ್ಲ.

ಟೀಚರಕ್ಕ ಓದಿ ಮುಗಿಸಿ ಮತ್ತೆ ಎರಡನೆಯ ಪುಟಕ್ಕೆ ಬಂದಳು.

"ಇಷ್ಟೇನಾ?"

ರಟ್ಟಣ್ಣ ಕತ್ತರಿಸಿದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ.

"ಹಾಗಾದ್ರೆ ಆ ಎರಡು ಮಕ್ಕಳು ನಿಜವಾಗ್ಲೂ ಹುಟ್ಟಿದ್ದವು."

"ಹೌದು ಅನ್ಸುತ್ತೆ ಅಕ್ಕ."

"ಹೇಸರಗತ್ತೆ?"

"ಅದು ಹೇಸರಗತ್ತೆಯೇ ಅಕ್ಕ."

ಅವಳು ನಕ್ಕಳೋ ಅತ್ತಳೋ, ಕೊಡೆಯ ಮರೆಯಲ್ಲಿ ಕಾಣಿಸಲಿಲ್ಲ. ಫಾರಂ ಕೈಯಲ್ಲಿ ಹಿಡಿದುಕೊಂಡೇ ಬೀದಿಗಿಳಿದಳು. ಬೀದಿ ಅಗಲವಿರಲಿಲ್ಲ, ಎದುರಂಗಡಿಯ ಮಾತು ಇಲ್ಲಿಗೆ ಕೇಳುತ್ತಿತ್ತು. ಗಡಿಯಾರದವರು ಆಗಷ್ಟೇ ಬಂದು, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಯಾರದೋ ಕೈಗಡಿಯಾರದ ಹೊಟ್ಟೆ ತೆರೆದಿದ್ದರು. ಟೀಚರಕ್ಕ ಗಾಜಿನ ಪೆಟ್ಟಿಗೆಯ ಮುಂದೆ ನಿಂತು, ತರಗತಿಯಲ್ಲಿ ಹೇಳುವಂತೆ ಸ್ಪಷ್ಟವಾಗಿ ಹೇಳಿದಳು.

"ಹೊರಗೆ ಬಿಸಿಲು. ಒಳಗೆ ಬನ್ನಿ."

"ಬೆಟ್ಟದ ಕಾದಂಬರಿ" ಎಂದರು ಅವರು, ತಲೆಯೆತ್ತದೆ.

"ತಪ್ಪು."

ಅವರು ತಲೆಯೆತ್ತಿದರು. ಮಸೂರ ಹಾಗೇ ಇದ್ದುದರಿಂದ ಒಂದು ಕಣ್ಣು ಬಹಳ ದೊಡ್ಡದಾಗಿ ಕಾಣುತ್ತಿತ್ತು. ಅವಳನ್ನು ನೋಡಿ, ಅವಳ ಹಿಂದೆ ಸುರಿಯುತ್ತಿದ್ದುದನ್ನು ನೋಡಿ, "ಹೊರಗೆ ಮಳೆ ಇದೆಯಲ್ಲ" ಎಂದರು.

"ಪುಸ್ತಕದಲ್ಲಿ ಬಿಸಿಲು ಅಂತಿದ್ರೆ ನಾನೇನು ಮಾಡ್ಲಿ? ಬರ್ತೀರೋ ಇಲ್ವೋ?"

"ಗಡಿಯಾರ ಕೆಟ್ಟಿದೆಯಾ?"

"ಇಲ್ಲ. ಸರಿಯಾಗೇ ಓಡ್ತಿದೆ."

ಅವರು ಬಿಚ್ಚಿದ ಗಡಿಯಾರದ ಮೇಲೆ ಒಂದು ಗಾಜಿನ ಬಟ್ಟಲು ಬೋರಲು ಹಾಕಿದರು. ಮಸೂರ ತೆಗೆಯುವುದನ್ನು ಮರೆತು, ಅದನ್ನು ಹಾಕಿಕೊಂಡೇ ಅವಳ ಕೊಡೆಯ ಕೆಳಗೆ ಬಂದರು. ನೀರು ನಿಂತ ಗುಂಡಿಯೊಂದು ಆ ಕಣ್ಣಿಗೆ ಕೆರೆಯ ಹಾಗೆ ಕಂಡಿರಬೇಕು. ಬಲು ದೊಡ್ಡ ಹೆಜ್ಜೆ ಇಟ್ಟು ದಾಟಿದರು.

ಅವರ ಸಾಮಾನನ್ನು ಎಲ್ಲಿಡುವುದೆಂದು ಟೀಚರಕ್ಕನ ಮನೆಯಲ್ಲಿ ಆ ವಾರವೆಲ್ಲ ಹುಡುಕಾಟ ನಡೆಯಿತು. ಗ್ರಂಥಾಲಯದ ಪ್ರತಿಗಳನ್ನು ಸರಿಮಾಡಿಕೊಡುತ್ತೇನೆ ಎಂದು ರಟ್ಟಣ್ಣ ಮೇಡಂಗೆ ಹೇಳಿನೋಡಿದ, ಅವಳು ಕಪಾಟಿಗೆ ಬೀಗ ಹಾಕಿಬಿಟ್ಟಳು. ಊರಿನ ಅಂಗಳದಲ್ಲಿ ಹಿಮ ಈಗಲೂ ಬೀಳುತ್ತದೆ. ಗಡಿಯಾರದವರು ಬೆಳಿಗ್ಗೆ ಟೀಚರಕ್ಕನ ಮನೆಯ ಮುಂದೆ ಹಲ್ಲುಜ್ಜುತ್ತ ನಿಂತಿರುವುದನ್ನು ಗುಮಾಸ್ತರು ಕಣ್ಣಾರೆ ಕಂಡರು. ಮುಂದಿನ ಶನಿವಾರ ಚರ್ಚೆಯಾಗಿ, ಅದೂ ನೆನಪೇ ಎಂದು ಸಂಘ ತೀರ್ಮಾನಿಸಿತು. ಅದೇ ಕೋಣೆಯಲ್ಲಿ ಕೂತಿದ್ದ ಗಡಿಯಾರದವರು ಆಕ್ಷೇಪಿಸಲಿಲ್ಲ.

ರಟ್ಟಣ್ಣ ಕೈಹಾಕಿದ್ದು ಅಕ್ಕನ ಸ್ವಂತ ಪ್ರತಿಗೆ ಮಾತ್ರ. ಹಿಮದ ಫಾರಂ ತೆಗೆಯಲು ಕತ್ತರಿ ಹಿಡಿದಾಗ ಅವಳು ತಡೆದಳು.

"ಅದು ಇರಲಿ ಕಣೋ. ಬಿದ್ದಿದ್ದು ಬಿದ್ದಿದೆ. ಅದರ ಹಿಂದೆ ಇದನ್ನ ಹಾಕು."

ಹಾಗೆಯೇ ಹಾಕಿದ. ಹಿಮದ ಕೊನೆಯ ಸಾಲು, ಬಿಸಿಲಿನ ಮೊದಲ ಸಾಲು ಕೂಡುತ್ತವೆಯೇ ಎಂದು ಬೈಂಡರನ ಧರ್ಮದಂತೆ ನೋಡಿದ. ಅಲ್ಲಿಗೆ ನಿಲ್ಲಿಸದೆ, ಅಭ್ಯಾಸ ತಪ್ಪಿ, ಮುಂದಿನ ಸಾಲನ್ನೂ ಓದಿದ. ಆಮೇಲೆ ಅದರ ಮುಂದಿನದನ್ನು. ಬಟ್ಟಲಲ್ಲಿ ಅಂಟು ಕೆನೆಗಟ್ಟಿತು. ಊಟಕ್ಕೆ ಕರೆಯಲು ಬಂದ ಹೆಂಡತಿಗೆ ಅವನು ಪುಸ್ತಕದಿಂದ ತಲೆಯೆತ್ತದೆ, "ಸ್ವಲ್ಪ ತಾಳೆ, ಟ್ರಂಕಿಗೆ ಇನ್ನೂ ಜಾಗ ಸಿಕ್ಕಿಲ್ಲ" ಎಂದ.